ಅಪ್ಪನ ಅಂಗಿಗೆ ಮಣ್ಣು ಕೊಟ್ಟದ್ದು

ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಒಂದು ವರ್ಷ ನಮ್ಮ ಪಾಠಪಟ್ಟಿಗೆ ಹಳೆಯ ಚೀನಾದ ಘಟಕವೊಂದು ಹೊಸದಾಗಿ ಸೇರಿತು. ಆ ದೇಶ ಉತ್ತರ, ದಕ್ಷಿಣ ಎಂದು ಒಡೆದು ಹತ್ತಿರ ಹತ್ತಿರ ಮುನ್ನೂರು ವರ್ಷ ಒಂದಾಗದೇ ಉಳಿದ ಕಾಲದ ಚರಿತ್ರೆ ಅದು. ಕನ್ನಡದಲ್ಲಿ ಅದರ ಬಗ್ಗೆ ನನಗೆ ಸಿಕ್ಕಿದ್ದು ಎರಡೋ ಮೂರೋ ಪುಟ. ಹೀಗಾಗಿ ಬೇಸಿಗೆ ರಜೆಯಲ್ಲಿ ಇಂಗ್ಲಿಷ್ ಪುಸ್ತಕಗಳನ್ನು ತಂದಿಟ್ಟುಕೊಂಡು ವಿದ್ಯಾರ್ಥಿಗಳಿಗಾಗಿ ಟಿಪ್ಪಣಿ ಬರೆಯಲು ಕುಳಿತೆ.

ಕಲಬುರಗಿಯ ಅಂಚಿನ ಕೋಟನೂರಿನ ಮನೆಯಲ್ಲಿ ಇರುವವರು ನಾನು ಮತ್ತು ಅವ್ವ, ಇಬ್ಬರೇ. ಅವ್ವನಿಗೆ ಓದಲು ಬರುವುದಿಲ್ಲ. ಬರೆದದ್ದು ಕಿವಿಗೆ ಸರಿಯಾಗಿ ಕೇಳುತ್ತದೋ ಇಲ್ಲವೋ ಎಂದು ಗಟ್ಟಿಯಾಗಿ ಓದಿಕೊಳ್ಳುವ ಚಾಳಿ ನನ್ನದು. ಅವ್ವ ಕೂಲರಿನ ಗಾಳಿಗೆ ಬೆನ್ನು ಕೊಟ್ಟು, ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳಿಯೂ ಕೇಳದ ಹಾಗೆ ಕೂತಿರುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಓದಿದ್ದು ಇಷ್ಟು. ಉತ್ತರದ ಕುದುರೆ ದಂಡುಗಳ ಕೈಗೆ ರಾಜಧಾನಿ ಬಿತ್ತು. ಸಾವಿರಾರು ಕುಟುಂಬಗಳು ಮನೆಮಠ ಬಿಟ್ಟು ಯಾಂಗ್‌ಟ್ಸಿ ನದಿ ದಾಟಿ ದಕ್ಷಿಣಕ್ಕೆ ಹೋದವು. ಹೋದ ಕಡೆಯ ನೆಲಕ್ಕೆ ಬಿಟ್ಟು ಬಂದ ಸೀಮೆಗಳ ಹೆಸರನ್ನೇ ಇಟ್ಟುಕೊಂಡವು. ಆದರೆ ಯುದ್ಧದಲ್ಲಿ, ದಾರಿಯಲ್ಲಿ ಸತ್ತವರ ದೇಹಗಳು ನದಿಯ ಆಚೆಗೇ ಉಳಿದವು. ಅವನ್ನು ತರಲು ದಾರಿಯಿರಲಿಲ್ಲ. ಆಗ ಕೆಲವರು ಸತ್ತವರ ಬಟ್ಟೆ ಹಿಡಿದು, ಅವರ ಜೀವವನ್ನು ಕೂಗಿ ಕರೆದು, ಆ ಬಟ್ಟೆಯನ್ನೇ ಹೂಳಿ ಗೋರಿ ಮಾಡಿದರು.

ಮೊರದ ಸಪ್ಪಳ ನಿಂತಿತು.

“ಹೆಣ ಇಲ್ದೇ ಮಣ್ಣ ಕೊಟ್ರಾ?” ಎಂದು ಅವ್ವ ಕೇಳಿದಳು.

“ಹೂಂ ಯವ್ವಾ. ಬರೇ ಅರಿಬಿಗೆ ಕೊಟ್ರು.”

“ಯಾರೂ ಬ್ಯಾಡ ಅನ್ಲಿಲ್ಲೇನು?”

“ಅಂದ್ರು. ರಾಜನ ದರ್ಬಾರದಾಗ ಪಂಡಿತ್ರು ಕೂತು ವಾದ ಮಾಡಿದ್ರು. ಗೋರಿ ಇರೂದು ದೇಹಕ್ಕ, ಜೀವಕ್ಕಲ್ಲ ಅಂದ್ರು. ಹೀಂಗ ಮಾಡಬಾರ್ದು ಅಂತ ಹುಕುಂ ಆತು.”

“ಆಮ್ಯಾಲ?”

“ಆಮ್ಯಾಲೂ ಮಂದಿ ಮಾಡಿದ್ರು.”

ಅವ್ವ ಮೊರವನ್ನು ಬದಿಗೆ ಸರಿಸಿದಳು. ಅಂದು ಮತ್ತೆ ಜೋಳವನ್ನು ಮುಟ್ಟಲಿಲ್ಲ.

ನನ್ನ ಅಪ್ಪ ಗೌಂಡಿ ಕೆಲಸದವನು. ನಮ್ಮೂರು ಕಮಲಾಪುರದಲ್ಲಿ ಕೆಲಸ ಕಡಿಮೆಯಾದಾಗ ಪುಣೆಗೆ ಹೋಗಿ ಕಟ್ಟಡ ಕಟ್ಟುತ್ತಿದ್ದ, ನಾಗಪಂಚಮಿಗೆ ಊರಿಗೆ ಬರುತ್ತಿದ್ದ. ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಅಲ್ಲಿ ಒಂದು ಕಟ್ಟಡದ ಮೇಲಿಂದ ಬಿದ್ದು ಸತ್ತ. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯ ಫೋನಿಗೆ ಸುದ್ದಿ ಬಂತು. ಅಪ್ಪನ ತಮ್ಮ, ನಮ್ಮ ಕಾಕಾ, ಅಂದೇ ಹೊರಟ. ಐದು ದಿನದ ಮೇಲೆ ಒಂದು ಕೈಚೀಲ ಹಿಡಿದು ಒಬ್ಬನೇ ತಿರುಗಿ ಬಂದ. “ನಾ ಹೋಗೂದ್ರಾಗ ಎಲ್ಲಾ ಸುಟ್ಟು ಮುಗಿಸಿದ್ರು,” ಎಂದ. ಚೀಲದಲ್ಲಿ ಅಪ್ಪನ ಒಂದು ಅಂಗಿ ಇತ್ತು. ನೀಲಿ ಚೌಕಳಿ. ತೋಳಿನ ತುದಿಯಲ್ಲಿ ಸಿಮೆಂಟ್ ಒಣಗಿ ಕಲ್ಲಾಗಿತ್ತು.

ನಾವು ಬೌದ್ಧರು. ನಮ್ಮ ಮನೆತನದಲ್ಲಿ ಸತ್ತವರನ್ನು ಹೂಳುವುದು ರೂಢಿ. ಹೂಳಲು ಏನೂ ಇಲ್ಲವೆಂದು ಹಿರಿಯರು ಫೋಟೋಕ್ಕೆ ಹಾರ ಹಾಕಿ ಸುಮ್ಮನಾದರು. ಅವ್ವ ಸುಮ್ಮನಾಗಲಿಲ್ಲ. ಮುಂದೆ ಎಷ್ಟೋ ವರ್ಷ ನಾಗಪಂಚಮಿಯ ಮುನ್ನಾದಿನ ಏನೋ ನೆವ ತೆಗೆದು ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತು ಬರುತ್ತಿದ್ದಳು. ಅಂಗಿಯನ್ನು ಒಗೆಯದೇ ಟ್ರಂಕಿನಲ್ಲಿ ಇಟ್ಟಿದ್ದಳು. ನನಗೆ ನೌಕರಿ ಸಿಕ್ಕು ಕೋಟನೂರಿಗೆ ಬಂದಾಗ ಆ ಟ್ರಂಕನ್ನು ತೊಡೆಯ ಮೇಲೆ ಇಟ್ಟುಕೊಂಡೇ ಟೆಂಪೋದಲ್ಲಿ ಕೂತು ಬಂದಳು.

ನಾನು ಆ ಪಾಠ ಓದಿದ ಮೂರನೇ ದಿನ ಅವ್ವ ಅಂಗಿಯನ್ನು ಹೊರತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

“ಊರಿಗಿ ಹೋಗೂಣು,” ಎಂದಳು. “ನಿಮ್ಮಪ್ಪಗ ಮಣ್ಣ ಕೊಡೂಣು.”

ಅದು ಬೇರೆ ದೇಶದ, ಬೇರೆ ಕಾಲದ ಮಾತು ಎಂದು ಹೇಳಿ ನೋಡಿದೆ. ಅವ್ವ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಮಲಾಪುರದಲ್ಲಿ ಅಪ್ಪನ ಪಾಲಿನ ತುಂಡು ಹೊಲವನ್ನು ಕಾಕಾನೇ ನೋಡಿಕೊಳ್ಳುತ್ತಿದ್ದ. ಒಂದು ಮಗ್ಗುಲಿಗೆ ಕೆಂಪು ಬಾಳೆ ಹಾಕಿದ್ದ. ವಿಷಯ ಕೇಳಿದ ಕೂಡಲೇ ಅವನ ಮುಖ ಬದಲಾಯಿತು.

“ಬ್ಯಾಡ ಅತ್ತಿಗಿ. ಇಪ್ಪತ್ತು ವರ್ಷ ಆತು. ಈಗ ಖಾಲಿ ಕುಣಿ ತೋಡಿದ್ರ ಮಂದಿ ನಗ್ತಾರ.”

“ನಗಲಿ.”

“ನಮ್ಮೊಳಗ ಇಂಥಾ ಪದ್ಧತಿ ಇಲ್ಲ.”

“ರಾಜ ಬ್ಯಾಡ ಅಂದ್ರೂ ಮಾಡಿದ ಮಂದಿ ಅದಾರಂತ,” ಎಂದಳು ಅವ್ವ. “ನೀ ಯಾವ ರಾಜಾನೋ ತಮ್ಮಾ?”

ಮರುದಿನ ಬೆಳಿಗ್ಗೆ ಹೊಲದ ಬದುವಿನಲ್ಲಿ ಕುಣಿ ತೋಡಿದ್ದು ಕಾಕಾನೇ. ಕಲಬುರಗಿಯಿಂದ ಬಂದಿದ್ದ ಬೌದ್ಧ ಭಿಕ್ಷು ಭಂತೇಜಿ ತ್ರಿಶರಣ ಹೇಳಿಸಿದರು. ಆಮೇಲೆ ಅವ್ವ ಅಂಗಿಯ ಎರಡೂ ಭುಜ ಹಿಡಿದು ಎದ್ದು ನಿಂತಳು. ಕರೆಯಬೇಕಿತ್ತು. ಗಂಡನ ಹೆಸರನ್ನು ಒಮ್ಮೆಯೂ ಬಾಯಿಂದ ಆಡಿದವಳಲ್ಲ ಅವಳು.

“ಏನ್ರೀ,” ಎಂದಳು ಕಡೆಗೆ. ಪಕ್ಕದಲ್ಲಿದ್ದ ನನಗೇ ಅದು ಸರಿಯಾಗಿ ಕೇಳಲಿಲ್ಲ.

“ಏನ್ರೀ, ಬರ್ರೀ.”

ಮೂರನೇ ಸಲ, ದೂರದ ಹೊಲದಲ್ಲಿದ್ದ ಅಪ್ಪನನ್ನು ಊಟಕ್ಕೆ ಕೂಗುವಾಗ ಇರುತ್ತಿದ್ದ ಅದೇ ದನಿ. “ಬರ್ರೀ! ಹೊತ್ತಾತು!” ಆ ದನಿಯನ್ನು ನಾನು ಮರೆತೇಬಿಟ್ಟಿದ್ದೆ.

ಅವ್ವ ಅಂಗಿಯನ್ನು ಮಡಚಿ ಕುಣಿಯಲ್ಲಿಟ್ಟು ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಆಗ ಕಾಕಾ ಅವಳ ಎದುರು ಮೊಣಕಾಲೂರಿದ.

“ಅತ್ತಿಗಿ, ಪುಣೆದವ್ರು ಎರಡು ದಿನ ಕಾಯ್ತೀವಿ ಅಂದಿದ್ರು.”

ಅವ್ವ ಅವನನ್ನೇ ನೋಡಿದಳು.

“ಫೋನಿನಾಗ ಹೇಳಿದ್ರು, ಬರ್ರಿ, ಹೆಣ ಇಟ್ಟಿರ್ತೀವಿ ಅಂತ. ನಾ ಹೋಗಲಿಲ್ಲ. ಕಲಬುರಗಿ ಸ್ಟೇಷನ್ದಾಗ ಕುಂತ್ನಿ. ರೈಲು ಬರ್ತಿದ್ವು, ಹೋಗ್ತಿದ್ವು. ಬಿದ್ದು ಅಣ್ಣನ ಮಾರಿ ಹ್ಯಾಂಗಾಗೇದೋ ಅಂತ ನೋಡಾಕ ಅಂಜಿದ್ನಿ. ಹತ್ತಾಕ ಆಗ್ಲಿಲ್ಲ ನನಗ. ಮೂರನೇ ದಿನ ಹತ್ತಿದ್ನಿ.”

“ಎರಡು ದಿನಾ?”

“ಎರಡು ದಿನ.”

ಅವ್ವನ ಮುಷ್ಟಿ ತಾನಾಗಿಯೇ ಬಿಚ್ಚಿ ಮಣ್ಣು ಅಂಗಿಯ ಮೇಲೆ ಉದುರಿತು. “ಮಣ್ಣ ಹಾಕು,” ಎಂದಷ್ಟೇ ಹೇಳಿದಳು. ಕಾಕಾ ಗುದ್ದಲಿ ಮುಟ್ಟಲಿಲ್ಲ. ಎರಡೂ ಕೈಯಿಂದ ಮಣ್ಣು ಎಳೆದೆಳೆದು ಹಾಕಿದ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ, “ನನಗರೆ ಹೇಳಿದ್ರ ನಾನೇ ಹೋಗ್ತಿದ್ದೆ. ಹ್ಯಾಂಗರೆ ಇರಲಿ, ಮಾರಿ ನೋಡ್ತಿದ್ದೆ,” ಎಂದಳು.

ಆ ಪುಟವನ್ನು ನಾನು ಮನಸ್ಸಿನಲ್ಲೇ ಓದಿಕೊಂಡಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಸಮಾಧಾನವಾಗಲಿ ಎಂದು ಹೋದವಳು ಹೊಸದೊಂದು ನೋವು ಹೊತ್ತು ಬರುವಂತಾಯಿತು. ಆ ವರ್ಷ ತರಗತಿಯಲ್ಲಿ ಈ ಪಾಠ ಮಾಡುವಾಗ ಒಬ್ಬ ವಿದ್ಯಾರ್ಥಿನಿ, “ಮೇಡಂ, ಆ ಪಂಡಿತ್ರು ಹೇಳಿದ್ದು ಸರೀನೋ, ಮಂದಿ ಮಾಡಿದ್ದು ಸರೀನೋ?” ಎಂದು ಕೇಳಿದಳು. ಪುಸ್ತಕದಲ್ಲಿದ್ದ ಎರಡೂ ಕಡೆಯ ವಾದ ಹೇಳಿದೆ.

ಚಳಿಗಾಲದಲ್ಲಿ ಕಾಕಾ ಕೋಟನೂರಿಗೆ ಬಂದ. ಅವ್ವ ಚಹಾ ಮಾಡಿ ಅವನ ಮುಂದಿಟ್ಟು ಒಳಗೆ ಹೋದಳು, ಅವನು ಹೋಗುವವರೆಗೆ ಹೊರಗೆ ಬರಲಿಲ್ಲ. ಇನ್ನೂ ಸಿಟ್ಟೇನು ಎಂದು ಕೇಳಿದೆ.

“ಸಿಟ್ಟಿಲ್ಲ,” ಎಂದಳು. “ಅವನ ಮಾರಿ ನೋಡಿದ್ರ ನನಗ ಆ ಸ್ಟೇಷನ್ ಕಾಣ್ತದ.”

ಈಗ ತಿಂಗಳಿಗೊಮ್ಮೆ ಅವ್ವನನ್ನು ಕಮಲಾಪುರಕ್ಕೆ ಕರೆದುಕೊಂಡು ಹೋಗುತ್ತೇನೆ. ಬದುವಿನ ಮೇಲೆ ಒಂದು ತಾಸು ಕೂತು, ಕಾಕಾನ ಮನೆಗೆ ಹೋಗದೇ ತಿರುಗಿ ಬರುತ್ತಾಳೆ. ನಾವು ಹೋದಾಗ ಕಾಕಾ ಹೊಲದಲ್ಲಿ ಇರುವುದಿಲ್ಲ. ಆದರೆ ಆ ಜಾಗದಲ್ಲಿ ಒಂದು ಎಳೆ ಕಸವೂ ಇರುವುದಿಲ್ಲ. ಯಾರೋ ಬೆಳಿಗ್ಗೆಯೇ ಗುಡಿಸಿ ನೀರು ಚಿಮುಕಿಸಿ ಹೋಗಿರುತ್ತಾರೆ. ಅದು ಯಾರೆಂದು ಅವ್ವ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.