ಡೋಲ್ಫಿಯ ಮಂತ್ರಿಮಂಡಲ

ಕೊಲ್ಲಿ ದೇಶದ ಪೇಟೆ ಸಾಲ್ಮಿಯಾದ ಆ ಫ್ಲ್ಯಾಟಿಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇವರು ಯಾರು, ನಿಮ್ಮ ಅಜ್ಜನಾ?" ಗೋಡೆಯ ಮೇಲೆ, ಯೇಸುವಿನ ಪಟದ ಪಕ್ಕದಲ್ಲಿ, ಹೋತದ ಗಡ್ಡದ ಒಬ್ಬ ಮುದುಕನ ಫೋಟೊ ಇತ್ತು.

"ಅಜ್ಜ ಆಗಿದ್ದರೆ ವರ್ಷಕ್ಕೊಮ್ಮೆ ಇಗರ್ಜಿಯಲ್ಲಿ ಪೂಜೆ ಇಡಿಸಿ ಸುಮ್ಮನಿರಬಹುದಿತ್ತು," ಎನ್ನುತ್ತಿದ್ದಳು ಡೋಲ್ಫಿಯ ಹೆಂಡತಿ ಲಿಜ್ಜಿ. "ಇವರು ಫ್ರಾನ್ಸಿನ ಪ್ರಧಾನಿ. ಸತ್ತು ಎಷ್ಟೋ ಕಾಲವಾಯಿತು, ನಮ್ಮ ಮನೆಯಲ್ಲಿ ಮಾತ್ರ ಇನ್ನೂ ಅಧಿಕಾರದಲ್ಲಿದ್ದಾರೆ."

ಹೆಸರು ಪೋಲ್ ರಮಾದಿಯೆ. ಮಹಾಯುದ್ಧ ಮುಗಿದ ಮೇಲೆ, ೧೯೪೭ರಲ್ಲಿ, ಒಬ್ಬರ ಮುಖ ಒಬ್ಬರಿಗಾಗದ ಮೂರು ಪಕ್ಷಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿಕೊಂಡು ಸರ್ಕಾರ ನಡೆಸಿದ ಸಮಾಜವಾದಿ. ಡೋಲ್ಫಿಗೆ ಈತ ಗಂಟುಬಿದ್ದದ್ದು ಆಫೀಸಿನಲ್ಲಿ. ಫ್ರೆಂಚ್ ಕಂಪನಿಯೊಂದರಲ್ಲಿ ಫೈಲು ನೋಡಿಕೊಳ್ಳುವ ಕೆಲಸ ಅವನದು. ಊರಿಗೆ ಹೊರಟ ಇಂಜಿನಿಯರೊಬ್ಬ ಬಿಟ್ಟುಹೋದ ಪೆಟ್ಟಿಗೆಯಲ್ಲಿ ದಪ್ಪದೊಂದು ಚರಿತ್ರೆ ಪುಸ್ತಕವಿತ್ತು. ಅದನ್ನು ಡೋಲ್ಫಿ ಡಿಕ್ಷನರಿ ಹಿಡಿದು ವಾರಕ್ಕೊಂದು ಪುಟದ ಲೆಕ್ಕದಲ್ಲಿ ಓದತೊಡಗಿದ. ಅವಸರ ಯಾಕೆ? ಸಂಜೆ ಸಮುದ್ರದ ದಂಡೆಯಲ್ಲಿ ನಡೆಯುವಾಗ ಆ ಮಂತ್ರಿಗಳೆಲ್ಲ ಅವನ ಜೊತೆಗೇ ನಡೆಯುತ್ತಿದ್ದರು. ಧೂಳಿನ ಬಿಸಿಲು ನೀರಿನ ಮೇಲೆ ಹಳದಿಯಾಗಿ ಹರಡಿದಾಗ ಉದ್ದನೆಯ ಮೇಜೊಂದು ತೇಲಿಬಂದಂತಾಗುತ್ತಿತ್ತು. ಮೇಜಿನ ಆ ತುದಿಗೆ ಗಡ್ಡದ ಪ್ರಧಾನಿ. ಈ ತುದಿಯ ಕುರ್ಚಿಯಲ್ಲಿ, ಯಾರೂ ಏಳಿಸದ ಹಾಗೆ, ಡೋಲ್ಫಿ. ಒಂದು ಸಲ ಈ ಗುಂಗಿನಲ್ಲೇ ನಡೆದು ಯಾರದೋ ಮೀನಿನ ಗಾಳಕ್ಕೆ ಪ್ಯಾಂಟು ಸಿಕ್ಕಿಸಿಕೊಂಡಿದ್ದ, ಪುಣ್ಯಾತ್ಮ.

೨೦೦೬ರ ಜನವರಿಯಲ್ಲಿ ಕರಾವಳಿ ಊರಿನವರ ಮೂರು ಸಂಘಗಳು ಸೇರಿ ಒಂದು ಒಕ್ಕೂಟ ಕಟ್ಟಿದವು. ಕೊಂಕಣಿಯವರದೊಂದು, ತುಳುವರದೊಂದು, ಬ್ಯಾರಿಗಳದೊಂದು. ಅಧ್ಯಕ್ಷ ಯಾರಾಗಬೇಕು? ಯಾರ ಜೊತೆಗೂ ಜಗಳ ಆಡದ ಒಬ್ಬ ಬೇಕಿತ್ತು, ಡೋಲ್ಫಿ ಸಿಕ್ಕಿದ. ಇಂಥ ಸಂಘಗಳಲ್ಲಿ ವೋಟು ಗೀಟು ಇಲ್ಲ. ಯಾರದೋ ಮನೆಯಲ್ಲಿ ಚಾ ಕುಡಿಯುತ್ತಾ ಹೆಸರುಗಳು ಮೊದಲೇ ತೀರ್ಮಾನವಾಗಿರುತ್ತವೆ. ಸಭೆಯಲ್ಲಿ ಓದುತ್ತಾರೆ, "ಅವಿರೋಧ" ಅನ್ನುತ್ತಾರೆ, ಚಪ್ಪಾಳೆ, ಬಿರಿಯಾನಿ.

ಚಪ್ಪಾಳೆ ಮುಗಿಯಿತು. ಜನ ತಟ್ಟೆಯ ಕಡೆಗೆ ಹೊರಟೂ ಆಯಿತು. ಆಗ ಡೋಲ್ಫಿ ಮೈಕ್ ಹಿಡಿದ. ಅವನ ಪ್ರಧಾನಿ ಒಮ್ಮೆ ಸಂಸತ್ತಿನ ಒಪ್ಪಿಗೆ ಪಡೆದ ಮೇಲೂ, ಮಂತ್ರಿಗಳ ಪಟ್ಟಿ ಹಿಡಿದು ಮತ್ತೊಮ್ಮೆ ಹೋಗಿ ಮತ ಕೇಳಿದ್ದನಂತೆ. ಆ ಪುಟ ಅದೇ ವಾರ ಓದಿದ್ದ. "ನನ್ನ ಸಮಿತಿಗೆ ಒಪ್ಪಿಗೆ ಇದ್ದವರು ಕೈ ಎತ್ತಿ," ಎಂದ.

ಅಯ್ಯೋ, ಕೇಳಬಾರದಿತ್ತು! ಕೇಳದೆ ಇದ್ದರೆ ಎಲ್ಲರೂ ಒಪ್ಪಿದವರೇ. ಕೇಳಿದ ಮೇಲೆ ಪ್ರತಿಯೊಬ್ಬನಿಗೂ ಯೋಚನೆ ಶುರುವಾಯಿತು. ನನ್ನ ಹೆಸರು ಯಾಕಿಲ್ಲ, ಅವನದು ಯಾಕಿದೆ? ಒಂದು ಕೈಯೂ ಏಳಲಿಲ್ಲ. ಡೋಲ್ಫಿಯ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಅಬ್ದುಲ್ ನಾಸಿರ್ ಎದ್ದು ನಿಂತು ಎರಡೂ ಕೈ ಎತ್ತಿದ. ಜನ ನಕ್ಕರು, ನಗುತ್ತಲೇ ಒಂದೊಂದಾಗಿ ಕೈಗಳು ಎದ್ದವು. ಮಾನ ಉಳಿಯಿತು.

ಈ ನಾಸಿರ್ ಅರ್ದಿಯಾದ ಗೋದಾಮಿನಲ್ಲಿ ಸ್ಟೋರ್ ಕೀಪರ್. ಹಿಂದೆ ಇಬ್ಬರೂ ಒಂದೇ ರೂಮಿನಲ್ಲಿದ್ದವರು. ತೊಂಬತ್ತರ ಯುದ್ಧದಲ್ಲಿ ಇಲ್ಲಿಂದ ಓಡುವಾಗ ಒಂದೇ ಬಸ್ಸಿನಲ್ಲಿ ಮರುಭೂಮಿ ದಾಟಿ ಅಮ್ಮಾನ್ ತನಕ ಹೋದವರು. ದಾರಿಯಲ್ಲಿ ಜ್ವರ ಬಂದ ಡೋಲ್ಫಿಗೆ ತನ್ನ ಪಾಲಿನ ನೀರು ಕುಡಿಸಿ, "ಸಾಯಬೇಡಿ ಪೊರ್ಬುಗಳೇ, ನಿಮ್ಮನ್ನು ಹೊರುವಷ್ಟು ಶಕ್ತಿ ನನಗಿಲ್ಲ," ಎಂದು ಗದರಿದವನು. ಊರಿನಲ್ಲಿ ಕ್ರೈಸ್ತರನ್ನು ಮರ್ಯಾದೆಗೆ ಕರೆಯುವ ಹಾಗೆ, ಕೋಪ ಬಂದಾಗಲೂ ತಮಾಷೆಗೂ ಅವನ ಬಾಯಲ್ಲಿ ಡೋಲ್ಫಿ "ಪೊರ್ಬುಗಳು". ಒಕ್ಕೂಟಕ್ಕೆ ಅವನೇ ಕಾರ್ಯದರ್ಶಿ.

ಏಪ್ರಿಲ್ ಕೊನೆಗೆ ವಾರ್ಷಿಕೋತ್ಸವದ ಮಾತು ಬಂತು. ಸಾಲ್ಮಿಯಾದ ಹೋಟೆಲ್ ಹಾಲ್ ಆಗಲಿ ಎಂದಿತು ಸಮಿತಿ, ಡೋಲ್ಫಿಯೂ ಹೌದೆಂದ. ನಾಸಿರ್ ಒಬ್ಬನೇ ಬೇಡವೆಂದ. "ವಫ್ರಾದ ತೋಟಗಳಲ್ಲಿ ದುಡಿಯುವವರಿಗೆ ಅಲ್ಲಿಗೆ ಬಸ್ಸಿಲ್ಲ. ಅರ್ದಿಯಾದ ಹುಡುಗರು ಕೆಲಸದ ಬಟ್ಟೆಯಲ್ಲಿ ಆ ಗಾಜಿನ ಬಾಗಿಲು ದಾಟುತ್ತಾರಾ? ನಮ್ಮ ಗೋದಾಮಿನ ಅಂಗಳದಲ್ಲೇ ಶಾಮಿಯಾನ ಹಾಕುವ." ಮತಕ್ಕೆ ಹಾಕಿದರು. ನಾಸಿರ್ ಸ್ವಂತ ಅಧ್ಯಕ್ಷನ ವಿರುದ್ಧವೇ ಕೈ ಎತ್ತಿದ.

ಡೋಲ್ಫಿಯ ಗ್ರಹಚಾರ ನೋಡಿ, ಪುಸ್ತಕವೂ ಆಗ ಮೇ ತಿಂಗಳಿಗೆ ಬಂದಿತ್ತು. ಕಾರು ಕಾರ್ಖಾನೆಯ ಮುಷ್ಕರ, ಸಂಬಳದ ಜಗಳ. ಕಮ್ಯುನಿಸ್ಟ್ ಮಂತ್ರಿಗಳು ತಮ್ಮದೇ ಸರ್ಕಾರದ ವಿರುದ್ಧ ಮತ ಹಾಕುತ್ತಾರೆ. ಪ್ರಧಾನಿ ಸಂವಿಧಾನದ ವಿಧಿಯನ್ನು ಓದಿ ಹೇಳಿ ಅವರನ್ನು ಮಂತ್ರಿಮಂಡಲದಿಂದ ತೆಗೆಯುತ್ತಾನೆ. ಡೋಲ್ಫಿಯ ಮೈ ಜುಂ ಎಂದಿತು. ದೊಡ್ಡವರ ರೀತಿ ಇದೇ ಇರಬೇಕು ಅಂದುಕೊಂಡ.

"ನಿಮಗೆ ತಲೆ ಸರಿ ಉಂಟಾ?" ಎಂದಳು ಲಿಜ್ಜಿ. "ಅದು ಫ್ರಾನ್ಸ್. ಇದು ನಾಸಿರ್."

ಕೇಳಲಿಲ್ಲ. ಕಾರ್ಯದರ್ಶಿ ಸ್ಥಾನದಿಂದ ತೆಗೆದ ಪತ್ರವನ್ನು ಆಫೀಸಿನಲ್ಲೇ ಟೈಪ್ ಮಾಡಿ ನಾಸಿರ್ ಕೈಗೆ ಕೊಟ್ಟ. ನಾಸಿರ್ ಓದಿದ, ಮಡಚಿ ಕಿಸೆಗೆ ಹಾಕಿದ. "ಖಲಾಸ್," ಎಂದಷ್ಟೇ ಹೇಳಿ ಹೋದ. ಪೊರ್ಬುಗಳು ಅನ್ನಲಿಲ್ಲ.

ಅಕ್ಟೋಬರಿನಲ್ಲಿ ಉತ್ಸವ ಆಯಿತು. ಎಸಿ ತಣ್ಣಗಿತ್ತು, ಹಿಂದಿನ ನಾಲ್ಕು ಸಾಲು ಖಾಲಿ ಇತ್ತು. ಭಾಷಣ ಮಾಡುತ್ತಿದ್ದ ಡೋಲ್ಫಿಯ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಸಂಜೆಯ ಸಮುದ್ರದ ಮೇಲಿನ ಮೇಜಿನಲ್ಲೂ ಈಗ ಒಂದೊಂದೇ ಕುರ್ಚಿ ಬರಿದಾಗತೊಡಗಿತ್ತು. ಪುಸ್ತಕದಲ್ಲಿ ಪ್ರಧಾನಿ ಮಂತ್ರಿಮಂಡಲವನ್ನು ಮತ್ತೆ ಕಟ್ಟಿದ. ಅದೂ ನಿಲ್ಲಲಿಲ್ಲ. ನವೆಂಬರಿಗೆ ಅವನೇ ರಾಜೀನಾಮೆ ಕೊಟ್ಟ. ಆ ಎರಡೆರಡು ಸಲ ಮತ ಕೇಳಿದ್ದೂ ತಪ್ಪೇ ಆಗಿತ್ತು ಎಂದು ಅಡಿಟಿಪ್ಪಣಿಯಲ್ಲಿ ಬರೆದಿತ್ತು. ಡೋಲ್ಫಿ ಗೋಡೆಯ ಫೋಟೊ ನೋಡಿ, "ಇದನ್ನು ಮೊದಲೇ ಹೇಳುವುದಲ್ವಾ ಮಾರಾಯ!" ಎಂದ.

ಆ ವಾರವೇ ಲಿಜ್ಜಿ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು. "ನಾಸಿರ್ ವೀಸಾ ಕ್ಯಾನ್ಸಲ್ ಮಾಡಿಸಿದ್ದಾರೆ. ಬುಧವಾರ ಖಾಯಂ ಊರಿಗೆ. ಹೀಗೇ ಕಳಿಸ್ತೀರಾ?"

ಶುಕ್ರವಾರ ನಮಾಜು ಮುಗಿಯುವ ಹೊತ್ತಿಗೆ ಡೋಲ್ಫಿ ಅರ್ದಿಯಾದಲ್ಲಿದ್ದ. ಕಂಕುಳಲ್ಲಿ ಆ ದಪ್ಪ ಪುಸ್ತಕ. ಯಾಕೆ ತಂದೆನೆಂದು ಅವನಿಗೇ ಗೊತ್ತಿರಲಿಲ್ಲ. ಹಳೆಯ ರೂಮು, ಹಗ್ಗ ಬಿಗಿದ ಎರಡು ರಟ್ಟಿನ ಪೆಟ್ಟಿಗೆ. ನಾಸಿರ್ ಎರಡು ಗ್ಲಾಸು ಚಾ ಸುರಿದ, ಗಲ್ಲದಿಂದಲೇ ಪುಸ್ತಕ ತೋರಿಸಿದ.

"ಆ ಗಡ್ಡದವ, ತೆಗೆದವರನ್ನು ಮತ್ತೆ ಕರೆದನಾ?"

"ಇಲ್ಲ. ಅವರ ಪಕ್ಷ ಮತ್ತೆ ಸರ್ಕಾರಕ್ಕೆ ಬರಬೇಕಾದರೆ ಮೂವತ್ತನಾಲ್ಕು ವರ್ಷ ಹಿಡಿಯಿತು."

ನಾಸಿರ್ ಬೆರಳು ಮಡಚಿ ಎಣಿಸಿದ. "ಅಷ್ಟು ಕಾದರೆ ನನಗೆ ತೊಂಬತ್ತೊಂದು. ನಾನು ಬುಧವಾರ ಹೋಗುವವ."

ಡೋಲ್ಫಿಯ ಕಣ್ಣೀರು ಚಾದೊಳಗೇ ಬಿತ್ತು, ಅದನ್ನು ಮುಚ್ಚಿಡಲೂ ಹೋಗಲಿಲ್ಲ. "ತಪ್ಪಾಯ್ತು ನಾಸಿರ್," ಎಂದ.

ನಾಸಿರ್ ಪೆಟ್ಟಿಗೆಯ ಹಗ್ಗವನ್ನು ಇನ್ನಷ್ಟು ಬಿಗಿದ. ಹೊರಗೆ ಯಾರೋ ಲಾರಿ ಹಿಂದಕ್ಕೆ ತೆಗೆಯುತ್ತಿದ್ದರು.

"ನಿಮ್ಮ ಪ್ರಧಾನಿ ಎರಡೆರಡು ಸಲ ಕೇಳುವವನಲ್ವಾ ಪೊರ್ಬುಗಳೇ," ಎಂದ. "ಕೇಳಿ, ಇನ್ನೊಮ್ಮೆ ಕೇಳಿ."

"ತಪ್ಪಾಯ್ತು," ಎಂದ ಡೋಲ್ಫಿ. "ಒಪ್ಪಿಗೆ ಇದ್ದವರು ಕೈ ಎತ್ತಿ."

ನಾಸಿರ್ ಗ್ಲಾಸನ್ನು ನೆಲದ ಮೇಲಿಟ್ಟು ಎರಡೂ ಕೈ ಎತ್ತಿದ.