ಏಳನೇ ಮೇಜಿನ ಪೆಟ್ಟಿಗೆ

ಆಟದ ರೈಲುಗಳ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಗಂಟಿನಮ್ಮ ದುಡಿದದ್ದು ಇಪ್ಪತ್ತೆಂಟು ವರ್ಷ ನಾಲ್ಕು ತಿಂಗಳು. ಯಾರಾದರೂ ಮಾತಿನ ಭರದಲ್ಲಿ ಮೂವತ್ತು ವರ್ಷ ಎಂದರೆ ಅಲ್ಲೇ ತಡೆದು ತಿದ್ದುತ್ತಿದ್ದರು. ಅವರು ಬಿಗಿದ ದಾರ ಸಾಗಣೆಯಲ್ಲಿ ಒಮ್ಮೆಯೂ ಸಡಿಲವಾಗಲಿಲ್ಲವೆಂದು ಜೊತೆಯವರು ಇಟ್ಟ ಹೆಸರು ಗಂಟಿನಮ್ಮ. ಕಾರ್ಖಾನೆ ಮುಚ್ಚಿಹೋಯಿತು; ಹೆಸರು ಬಿಚ್ಚಲಿಲ್ಲ.

ಒಂದು ಬೆಳಿಗ್ಗೆ ತಂಗಿಯ ಮಗಳು ಕಿರುಪುಸ್ತಕವೊಂದನ್ನು ಹಿಡಿದು ಮೆಟ್ಟಿಲೇರಿ ಬಂದಳು.

"ದೊಡ್ಡಮ್ಮ, ನಿಮ್ಮ ಫ್ಯಾಕ್ಟರಿ ಪೆಟ್ಟಿಗೆ ಮೇಲಿನ ನಂಬರಿನ ಬಗ್ಗೆ ಪುಸ್ತಕಾನೇ ಬಂದಿದೆ!"

"ಅದರಲ್ಲಿ ಪುಸ್ತಕ ಬರೆಯೋಕೆ ಏನಿದೆಯೇ? ಅರ್ಧ ಹಾಳೆ ಸಾಕು."

ನಿಜಕ್ಕೂ ಅರ್ಧ ಹಾಳೆ ಸಾಕಿತ್ತು. 43-2-18-7 ಎಂದಿದ್ದರೆ, ನಲವತ್ತಮೂರು ಇಂಜಿನ್ನಿನ ಮಾದರಿ, ಎರಡು ಹಸಿರು ಬಣ್ಣ, ಹದಿನೆಂಟು ಪ್ಯಾಕ್ ಮಾಡಿದ ವಾರ, ಏಳು ಪ್ಯಾಕ್ ಮಾಡಿದ ಮೇಜು. ಆದರೆ ಬರೆದವರು ಹಳೆಯ ಆಟಿಕೆ ಸಂಗ್ರಾಹಕರ ಸಂಘದ ಅಧ್ಯಕ್ಷರು. ಬಿಳಿ ಕೈಗವಸು ತೊಡದೆ ಪೆಟ್ಟಿಗೆ ಮುಟ್ಟದ, ಮುಟ್ಟಿದರೂ ತೆರೆಯದ ಮಹಾಶಯರು. ಅವರ ಪ್ರಕಾರ ನಲವತ್ತಮೂರು ಎಂದರೆ ತಯಾರಾದ ಇಸವಿ. ಆ ಇಸವಿಯಲ್ಲಿ ಕಾರ್ಖಾನೆಯ ಜಾಗದಲ್ಲಿ ಇಟ್ಟಿಗೆ ಗೂಡಿತ್ತು. ಇಂಥ ವಿದ್ವತ್ತು ನಲವತ್ತೆಂಟು ಪುಟ ಹರಿದಿತ್ತು.

ಗಂಟಿನಮ್ಮ ನಗುತ್ತಲೇ ಓದಿದರು. ಹತ್ತೊಂಬತ್ತನೇ ಪುಟಕ್ಕೆ ನಗು ನಿಂತಿತು. ಅಲ್ಲಿ ಹೀಗಿತ್ತು: ಕೊನೆಯ ಅಂಕಿ ಮಾಲಿನ ದರ್ಜೆ. ಒಂದು ಅತ್ಯುತ್ತಮ. ಏಳು, ದೋಷ ಕಂಡು ರಿಪೇರಿ ಮಾಡಿದ ಮಾಲು; ಮಕ್ಕಳು ಮೊದಲೇ ಬಿಚ್ಚಿದ್ದ ಪೆಟ್ಟಿಗೆಗಳಲ್ಲಿ ಸಿಕ್ಕ ಇಂಜಿನ್ನುಗಳ ಚಕ್ರಗಳ ಮೇಲಿನ ಗೀರು ಮತ್ತು ಎಣ್ಣೆಯ ಕಲೆಯೇ ಇದಕ್ಕೆ ಸಾಕ್ಷಿ.

ಏಳನೇ ಮೇಜು ಗಂಟಿನಮ್ಮನದು ಮತ್ತು ಈಗ ತೀರಿಕೊಂಡಿರುವ ಅವರ ಜೊತೆಗಾತಿಯದು. ಹತ್ತು ಇಂಜಿನ್ನಿಗೆ ಒಂದನ್ನು ಓಡಿಸಿ ನೋಡಬೇಕೆಂಬುದು ನಿಯಮ. ಈ ಇಬ್ಬರು ಮಾತ್ರ ಪ್ರತಿಯೊಂದಕ್ಕೂ ಹನಿ ಎಣ್ಣೆ ಬಿಟ್ಟು, ಒಂದು ಸುತ್ತು ಓಡಿಸಿಯೇ ಪೆಟ್ಟಿಗೆಗೆ ಇಡುತ್ತಿದ್ದರು. ತಡವಾಗುತ್ತದೆಂದು ಮೇಸ್ತ್ರಿ ಬೈದಾಗ ಜೊತೆಗಾತಿ ಹೇಳಿದ್ದಳು: "ಓಡದ ರೈಲನ್ನ ಮಗು ಕೈಗೆ ಕೊಟ್ಟು ಏನಂತ ಹೇಳೋದು ಸಾರ್? ನೀವೇ ಬಂದು ಸಮಾಧಾನ ಮಾಡ್ತೀರಾ?"

ಆ ಶ್ರದ್ಧೆಗೆ ಈಗ ಅಚ್ಚಿನಲ್ಲಿ ಸಿಕ್ಕ ಬಿರುದು, ರಿಪೇರಿ ಮಾಲು.

ಎರಡನೇ ಮುದ್ರಣ ಮುಂದಿನ ವಾರವೇ ಅಚ್ಚಿಗೆ ಹೋಗುವುದೆಂದು ಹಿಂಬದಿಯ ಹೊದಿಕೆಯಲ್ಲಿತ್ತು. ಭಾನುವಾರ ಸಂಘದ ಸಭೆ. ಗಂಟಿನಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು, ನಿವೃತ್ತಿಯ ದಿನ ತಮ್ಮ ಕೈಯಾರೆ ಕಟ್ಟಿ, ಕಾರ್ಖಾನೆಯವರೇ ಉಡುಗೊರೆಯಾಗಿ ಕೊಟ್ಟಿದ್ದ ಪೆಟ್ಟಿಗೆಯನ್ನು ಎತ್ತಿಕೊಂಡು, ತಂಗಿಯ ಮಗಳೊಡನೆ ಹೊರಟರು.

ಸಭಾಂಗಣದ ತುಂಬ ಗಾಜಿನ ಕಪಾಟುಗಳು, ಅವುಗಳ ತುಂಬ ತೆರೆಯದ ಪೆಟ್ಟಿಗೆಗಳು. ಒಳಗೆ ಏನಿದೆಯೆಂದು ನೋಡದೆ ಹೊರಗಿನ ರಟ್ಟನ್ನು ಆರಾಧಿಸುವ ಮೂವತ್ತು ಮಂದಿ ದೊಡ್ಡವರು.

"ಕೊನೆಯ ಅಂಕಿ ದರ್ಜೆ ಅಲ್ಲ ಸ್ವಾಮಿ, ಮೇಜು," ಎಂದರು ಗಂಟಿನಮ್ಮ.

ಅಧ್ಯಕ್ಷರು ಮುಗುಳ್ನಕ್ಕರು. "ನೀವು ಅಲ್ಲಿ ಕೆಲಸ ಮಾಡಿರಬಹುದಮ್ಮ. ನಾನು ಹನ್ನೊಂದು ವರ್ಷ ಸಂಶೋಧನೆ ಮಾಡಿದೀನಿ. ದಾಖಲೆ ಇದೆಯಾ?"

"ಇದೆ. ಪ್ರತಿ ಪೆಟ್ಟಿಗೆಯಲ್ಲೂ ಇಂಜಿನ್ ಕೂರೋ ರಟ್ಟಿನ ಕೆಳಗೆ ಒಂದು ಚೀಟಿ ಇರುತ್ತೆ. ಬಿಚ್ಚಿ ನೋಡಿ."

"ಬಿಚ್ಚೋದಾ!" ಸಭೆಯಲ್ಲಿ ಯಾರೋ ಎದೆ ಹಿಡಿದುಕೊಂಡರು. ಬಿಚ್ಚಿದವರೆಲ್ಲ ಮಕ್ಕಳು, ಅವರು ಚೀಟಿ ಎಸೆದು ರೈಲು ಓಡಿಸಿದ್ದರು. ಬಿಚ್ಚದವರೆಲ್ಲ ತಜ್ಞರು. ಹನ್ನೊಂದು ವರ್ಷದ ಸಂಶೋಧನೆ ಒಂದು ಗಂಟಿನ ಈಚೆಗೇ ನಿಂತಿತ್ತು.

ಗಂಟಿನಮ್ಮ ತಮ್ಮ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. ತಂಗಿಯ ಮಗಳು ಕೈ ಹಿಡಿದಳು. "ದೊಡ್ಡಮ್ಮ, ಇದೊಂದೇ ಅಲ್ವಾ ಉಳಿದಿರೋದು?"

"ಅದಕ್ಕೇ ಕಣೇ." ದಾರದ ತುದಿ ಹಿಡಿದು ಒಮ್ಮೆ ಎಳೆದರು. ಬಿಚ್ಚಲೆಂದೇ ಕಟ್ಟಿದ ಗಂಟು ತಟ್ಟನೆ ಬಿಟ್ಟುಕೊಟ್ಟಿತು. ಹಸಿರು ಇಂಜಿನ್ನು, ಅದರ ಕೆಳಗೆ ಹಳದಿ ಚೀಟಿ. ಮೇಜು: 7. ಓಡಿಸಿ ನೋಡಿದೆ: ಹೌದು. ಕೆಳಗೆ ಇಬ್ಬರ ಸಹಿ.

ಅಧ್ಯಕ್ಷರು ಭೂತಗನ್ನಡಿ ಹಿಡಿದು ಚಕ್ರ ನೋಡಿದರು. "ಎಣ್ಣೆ ಕಲೆ ಇದೆ. ನಾನು ಹೇಳಿದ್ದೂ ಇದನ್ನೇ. ಒಂದು ಚೀಟಿಯಿಂದ ಸಿದ್ಧಾಂತ ಬೀಳಲ್ಲ."

"ಹಾಗಾದ್ರೆ ನಿಮ್ಮ ಅತ್ಯುತ್ತಮ ದರ್ಜೆದೊಂದು ತೆಗೀರಿ."

ಅವರು ತೆಗೆಯಲಿಲ್ಲ. ಹಿಂದಿನ ಸಾಲಿನ ಹಲ್ಲಿನ ಡಾಕ್ಟರು ಎದ್ದರು. "ನನ್ನದು ಒಂದನೇ ನಂಬರು. ದಿನಾ ಜನರ ಬಾಯಿ ತೆರೆಸೋನು ನಾನು, ಪೆಟ್ಟಿಗೆಗೆ ಹೆದರಲಾ?" ಎಂದು ಕತ್ತರಿ ಹಾಕಿಯೇಬಿಟ್ಟರು. ಚೀಟಿಯಲ್ಲಿತ್ತು: ಮೇಜು: 1. ಓಡಿಸಿ ನೋಡಿದೆ ಎಂಬುದರ ಮುಂದೆ ಖಾಲಿ. ಪೆಟ್ಟಿಗೆಯಲ್ಲೇ ಇದ್ದ ಹಳಿ ಜೋಡಿಸಿ, ಇಂಜಿನ್ನನ್ನು ಅದರ ಮೇಲಿಟ್ಟು ಕೀಲಿ ಕೊಟ್ಟರೆ ಗುರ್ರೆಂದಿತು, ಕದಲಲಿಲ್ಲ. ಒಳಗೆ ಒಂದು ಚಕ್ರವನ್ನೇ ತಿರುವುಮುರುವಾಗಿ ಕೂರಿಸಿದ್ದರು.

"ಒಂದನೇ ಮೇಜಿನವನು ಯಾವಾಗಲೂ ಊಟದ ಗಂಟೆಗೆ ಐದು ನಿಮಿಷ ಮುಂಚೆಯೇ ಏಳ್ತಿದ್ದ," ಎಂದರು ಗಂಟಿನಮ್ಮ. ಪಕ್ಕದಲ್ಲೇ ತಮ್ಮ ಹಳಿ ಜೋಡಿಸಿ ಅವರು ಓಡಬಿಟ್ಟಿದ್ದ ಹಸಿರು ಇಂಜಿನ್ನು ಅಷ್ಟರಲ್ಲಿ ಮೂರು ಸುತ್ತು ಮುಗಿಸಿತ್ತು. ಸಭೆ ನಕ್ಕಿತು. ಅಧ್ಯಕ್ಷರು ಕೈಗವಸು ಕಳಚಿ ಜೇಬಿಗೆ ಹಾಕಿಕೊಂಡರು.

ಎರಡನೇ ಮುದ್ರಣ ಅಂಚೆಯಲ್ಲಿ ಬಂತು. ಹತ್ತೊಂಬತ್ತನೇ ಪುಟ ತಿದ್ದಿತ್ತು: ಕೊನೆಯ ಅಂಕಿ ಮೇಜಿನ ಸಂಖ್ಯೆ, ಏಳನೇ ಮೇಜಿನಲ್ಲಿ ಪ್ರತಿ ಇಂಜಿನ್ನನ್ನೂ ಓಡಿಸಿ ನೋಡಲಾಗುತ್ತಿತ್ತು. "ನಮ್ಮ ಸತತ ಸಂಶೋಧನೆಯಿಂದ ಇದು ತಿಳಿದುಬಂದಿದೆ" ಎಂದೂ ಸೇರಿಸಿದ್ದರು. ಇಸವಿ ನಲವತ್ತಮೂರು ಹಾಗೆಯೇ ಇತ್ತು.

"ಕಾಗದ ಬರೆಯಲ್ವಾ ದೊಡ್ಡಮ್ಮ?"

"ಯಾರಿಗೆ? ಅವರಿಗಾ?"

ಗಂಟಿನಮ್ಮ ಹತ್ತೊಂಬತ್ತನೇ ಪುಟವನ್ನು ಮಾತ್ರ ಅಂಚಿಗೆ ಅಳತೆಪಟ್ಟಿ ಇಟ್ಟು ನೀಟಾಗಿ ಹರಿದು, ಜೊತೆಗಾತಿಯ ಸಹಿಯಿದ್ದ ಚೀಟಿಯೊಂದಿಗೆ ಮಡಚಿಟ್ಟರು. ಉಳಿದ ಪುಸ್ತಕವನ್ನು, ಸಭೆಯಿಂದ ಬಂದಮೇಲೆ ಮನೆಯಲ್ಲಿ ರೈಲಿನ ಹಳಿ ಹಾಸಿದ್ದ ಮೇಜಿನ ಗಿಡ್ಡ ಕಾಲಿನ ಕೆಳಗೆ ತುರುಕಿದರು. ದಪ್ಪ ಸರಿಯಾಗಿತ್ತು. ರೈಲು ಆ ಮೂಲೆಯ ತಿರುವಿನಲ್ಲಿ ಆಮೇಲೆ ಅಲುಗಾಡಲಿಲ್ಲ.