ಜ್ವರದ ಮೇಷ್ಟ್ರ ಗುಂಡಿ

ಯಜಮಾನರು ತೀರಿಕೊಂಡ ಮೂರನೇ ತಿಂಗಳು ನಾನು ನೆಲ ಪರೀಕ್ಷೆಯ ಆಫೀಸಿಗೆ ಕಸ ಗುಡಿಸೋಕೆ ಸೇರಿದೆ. ಮೊದಲನೇ ದಿನ ಹಿತ್ತಲಲ್ಲಿ ಒಬ್ಬರು, ಆಗಷ್ಟೇ ಕೊರೆಸಿದ್ದ ಗುಂಡಿಗೆ ತಂತಿ ಇಳಿಬಿಟ್ಟು ಕುಕ್ಕರುಗಾಲಲ್ಲಿ ಕೂತಿದ್ದರು.

"ಮೀನು ಸಿಕ್ತಾ ಸಾರ್?" ಅಂದೆ.

"ಭೂಮಿಗೆ ಜ್ವರ ಎಷ್ಟಿದೆ ನೋಡ್ತಿದೀನಮ್ಮ" ಅಂದರು, ತಲೆ ಎತ್ತದೆ.

ಆಫೀಸಿನವರೆಲ್ಲ ಅವರನ್ನ ಜ್ವರದ ಮೇಷ್ಟ್ರು ಅಂತಲೇ ಕರೆಯೋರು. ಮದುವೆ ಆಗಿರಲಿಲ್ಲ, ಅಕ್ಕನ ಮನೆಯಲ್ಲಿ ವಾಸ, ಎರಡೇ ಅಂಗಿ. ಗುಂಡಿ ಅಂಗೈಯಗಲ, ಆರುನೂರು ಅಡಿ ಆಳ. ತುದಿಗೆ ಬಿಸಿ ಅಳೆಯೋ ಸಾಧನ ಕಟ್ಟಿದ ತಂತಿಯನ್ನ ಇಪ್ಪತ್ತು ಅಡಿಗೊಮ್ಮೆ ನಿಲ್ಲಿಸಿ ಬಿಸಿ ಬರೆದುಕೊಳ್ಳೋರು.

ಟೀ ಕೊಟ್ಟಾಗ ಒಮ್ಮೆ ಕೇಳಿದರು. "ಹಂಡೆ ನೀರು, ಲೋಟದ ನೀರು ಒಟ್ಟಿಗೆ ಕಾಸಿಟ್ಟರೆ ಯಾವುದು ಮೊದಲು ಆರುತ್ತೆ?"

"ಇದೂ ಒಂದು ಪ್ರಶ್ನೆನಾ? ಲೋಟದ್ದು."

"ಚಂದ್ರ ಲೋಟ. ಬಿಸಿ ಯಾವತ್ತೋ ಇಳೀತು, ಅಲ್ಲಿ ಹೊಸ ಬೆಟ್ಟ ಏಳಲ್ಲ. ಭೂಮಿ ಹಂಡೆ. ಒಳಗಿನ ಕಲ್ಲೂ ಚೂರುಚೂರು ಬಿಸಿ ಹುಟ್ಟಿಸುತ್ತೆ. ಆ ಬಿಸಿಗೇ ನೆಲ ಸರಿಯೋದು, ನಡುಗೋದು, ಬೆಟ್ಟ ಏಳೋದು."

ಕೊರೆದ ಮೇಲೆ ಗುಂಡಿಯನ್ನ ಒಂದು ವರ್ಷ ಮುಟ್ಟಬಾರದಂತೆ, ಕೊರೆಯುವಾಗ ಹುಟ್ಟಿದ ಬಿಸಿ ಆರಿದ ಮೇಲೆ ಬರೋದೇ ನೆಲದ ಸ್ವಂತ ಬಿಸಿ. ಆ ಲೆಕ್ಕ ಸರಿಬಂದರೆ ಇನ್ನೂ ಹತ್ತು ಕಡೆ ಕೊರೆಸಿಕೊಡ್ತೀವಿ ಅಂತ ದೊಡ್ಡ ಆಫೀಸಿನವರು ಮಾತು ಕೊಟ್ಟಿದ್ದರು. ಕಬ್ಬಿಣದ ಮುಚ್ಚಳ ಹಾಕಿ, ಎಲ್ಲರನ್ನೂ ಕರೆದು ಮೇಷ್ಟ್ರು ಇದನ್ನ ಹೇಳಿದ ದಿನ ನಾನು ರಜದಲ್ಲಿದ್ದೆ.

ವರ್ಷದ ಕೊನೆಗೆ ಬಚ್ಚಲು ಕಟ್ಟಿಕೊಂಡಿತು. ನೆಲ ಒರೆಸಿದ ನೀರನ್ನ ಮುಚ್ಚಳ ಎತ್ತಿ ಆ ಗುಂಡಿಗೇ ಹುಯ್ದೆ. ದಿನಕ್ಕೆ ನಾಲ್ಕು ಬಕೆಟ್, ಇಪ್ಪತ್ತಾರು ದಿನ. ತುಂಬೋ ಚಿಂತೆಯಿಲ್ಲ, ಒಳ್ಳೇದೇ ಆಯ್ತು ಅಂದುಕೊಂಡೆ.

ವರ್ಷ ತುಂಬಿದ ದಿನ ತಂತಿ ಇಳಿಸಿದರು. ಆಳಕ್ಕೆ ಹೋದಹಾಗೆ ಏರಬೇಕಾದ ಬಿಸಿ ಏರಲಿಲ್ಲ. "ಒಳಗೆ ನೀರು ಇಳಿದ ಹಾಗಿದೆಯಲ್ಲ" ಅಂದರು. ಅದು ನಾನು ಹುಯ್ದ ನೀರೇ ಅಂತ ನನಗೆ ಆಗ ಗೊತ್ತಾಯಿತು. ಕೆಲಸ ಹೋದೀತು ಅಂತ ಬಾಯಿ ಬಿಡಲಿಲ್ಲ. ಮಿಕ್ಕವರು ನಮಗೆ ಗೊತ್ತಿಲ್ಲ ಅಂದರು, ಅವರಿಗೆ ಗೊತ್ತಿರಲೂ ಇಲ್ಲ. ಮೇಷ್ಟ್ರು ಕಂಡಿದ್ದನ್ನ ಕಂಡಹಾಗೆ ಬರೆದು ಕಳಿಸಿದರು. ಅಳೆಯೋಕೆ ಬಾರದವನು ಅಂತ ದೊಡ್ಡ ಆಫೀಸಿನವರು ನಕ್ಕು, ಗುಂಡಿಗೆ ಸಿಮೆಂಟ್ ಹಾಕಿಸಿ, ಅವರನ್ನ ಹಳೇ ಕಾಗದದ ಕೋಣೆಗೆ ಹಾಕಿದರು. ಹದಿನಾಲ್ಕು ವರ್ಷ ಅಲ್ಲೇ ಕೂತರು. ನಾನು ದಿನಾ ಅವರ ಮೇಜು ಒರೆಸಿದೆ. ಹೇಳಬೇಕು ಅಂದಿದ್ದರೆ ಅಷ್ಟು ದಿನ ಇತ್ತು.

ಮೇಷ್ಟ್ರು ಕಾಯಿಲೆ ಬಿದ್ದಾಗ ನೋಡೋಕೆ ಹೋದೆ. ಅವರಕ್ಕ ಬಾಗಿಲು ತೆಗೆದರು. ಹಾಸಿಗೆ ಮೇಲೆ ಆ ಗುಂಡಿಯ ಅಳತೆ ಬರೆದ ಪುಸ್ತಕ ಬಿಚ್ಚಿತ್ತು. ಮೇಷ್ಟ್ರು ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಇಲ್ಲೀವರೆಗೂ ತಂಪು. ಎಷ್ಟು ಸಲ ನೋಡಿದರೂ ನೀರು ಎಲ್ಲಿಂದ ಬಂತು ಅಂತ ಗೊತ್ತಾಗಲ್ಲ. ನೀವು ಹಿತ್ತಲಲ್ಲೇ ಓಡಾಡ್ತಿದ್ರಲ್ಲಮ್ಮ, ಯಾರಾದರೂ ಆ ಮುಚ್ಚಳ ಎತ್ತಿದ್ದು ನೋಡಿದ್ರಾ?"